ನಮ್ಮ ಓಣಿಗೆ ಬಂದ ನ್ಕೋರೆ ಮಾತು

ಹೋದ ವಾರ ಹಿರೇಕೆರೂರಿನ ನನ್ನ ಮನೆಯಲ್ಲಿ ಬೆಣ್ಣೆ ಕಾಯಿಸಲು ಒಲೆಯ ಮೇಲಿಟ್ಟವಳು, ಅದು ಕರಗುವ ಮೊದಲೇ ಗ್ಯಾಸು ಆರಿಸಿಬಿಟ್ಟೆ. ಅವ್ವ ಊರಿಂದ ಕಳಿಸಿದ ಬೆಣ್ಣೆ. ದಿನ ಕಳೆದು ಹುಳಿ ವಾಸನೆ ಹಿಡಿದಿತ್ತು. ಬೇರೆಯವರು ಮೂಗು ಮುರಿಯುವಂಥ ವಾಸನೆ. ನನಗೆ ಮಾತ್ರ ಅದು ಮೂಗಿಗೆ ತಾಗಿದ ಕೂಡಲೇ ಒಂದು ಮಳೆಗಾಲ ಇಡಿಯಾಗಿ ಎದುರಿಗೆ ಬಂದು ನಿಂತಿತು. ಆ ಮಳೆಗಾಲದ ಬೆನ್ನಿಗೆ ಬಂದ ದೀಪಾವಳಿಯಲ್ಲಿ ಒಬ್ಬಳು ನಮ್ಮವ್ವನ ಮುಂಗೈ ಹಿಡಿದು, "ಕಾಸಬ್ಯಾಡ, ಕಾಸಿದ್ರ ಬೆಣ್ಣಿ ಸಾಯ್ತೈತಿ" ಅಂದಿದ್ದಳು. ಆಮೇಲೆ ಅದನ್ನು ತಣ್ಣೀರಲ್ಲಿ ತೊಳೆದು, ಉಪ್ಪು ಹಾಕಿ, ನೊರೆಯಂತೆ ಬೆಳ್ಳಗಾಗುವವರೆಗೆ ತಿರುವಿ ತಿರುವಿ ಒಂದು ಪದಾರ್ಥ ಮಾಡಿದ್ದಳು. ಅದಕ್ಕೆ ಅವರ ಭಾಷೆಯಲ್ಲಿ ಎಶಾಬ್ವೆ ಅನ್ನುತ್ತಾರೆ. ನಾನೂ ಹಾಗೇ ಮಾಡಿ, ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದೆ. ತಿನ್ನುತ್ತ ಕೂತಾಗ ಆ ವರ್ಷದ ಕತೆಯನ್ನು ಬರೆದಿಡಬೇಕು ಅನ್ನಿಸಿತು.

ಆಗ ನಾನು ಎಂ.ಎ. ಎರಡನೇ ವರ್ಷದಲ್ಲಿದ್ದೆ, ಗೊಟಗೋಡಿ ಕಡೆಯ ಒಂದು ಜಾನಪದ ವಿಭಾಗದಲ್ಲಿ. ನಮ್ಮೂರು ಹಿರೇಬೆಂಡಿಗೇರಿ ಅಲ್ಲಿಗೆ ದೂರವೇನಲ್ಲ. ಆದರೂ ಮಳೆಗಾಲದ ಬಸ್ಸು ನಂಬಿ ಓದು ಸಾಗುವುದಿಲ್ಲವೆಂದು ಹಾಸ್ಟೆಲಿನಲ್ಲಿದ್ದೆ. ನಮ್ಮ ಮನೆಯಲ್ಲಿ ಅಪ್ಪ, ಅವ್ವ, ಗೋಡೆಯ ಮೇಲೆ ಒಂದು ಬುದ್ಧನ ಪಟ, ಕೊಟ್ಟಿಗೆಯಲ್ಲಿ ಕೆಂದ ಅನ್ನುವ ಹೋರಿ. ನಮ್ಮ ಮನೆತನದಲ್ಲಿ ಎಂ.ಎ. ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪನಿಗೆ ಅದು ಎಷ್ಟು ಹೆಮ್ಮೆಯೆಂದರೆ, ಹೊಲದ ಬದುವಿನಲ್ಲಿ ಯಾರಾದರೂ ಸಿಕ್ಕು "ಮಳಿ ಹ್ಯಾಂಗ್ರಿ?" ಅಂದರೂ "ಮಗಳು ಎಂ.ಎ. ಮಾಡಾಕತ್ತಾಳ್ರಿ" ಅಂತಲೇ ಉತ್ತರ ಶುರುಮಾಡುತ್ತಿದ್ದ.

ಆದರೆ ಎಂ.ಎ. ಮಾಡುತ್ತಿದ್ದ ಮಗಳಿಗೆ ನಾಲ್ಕು ಮಂದಿಯ ಮುಂದೆ ಬಾಯಿ ಬರುತ್ತಿರಲಿಲ್ಲ. ಪದವಿ ಓದುವಾಗ ಒಂದು ಭಾಷಣ ಸ್ಪರ್ಧೆಯಲ್ಲಿ ಮಾತಾಡಿದ್ದೆ. ಮುಗಿದ ಮೇಲೆ ತೀರ್ಪುಗಾರರೊಬ್ಬರು ಮೈಕು ಹಿಡಿದು, "ವಿಷಯ ಚೆನ್ನಾಗಿತ್ತು, ಆದರೆ ವೇದಿಕೆಗೆ ಬರುವಾಗ ಹೊಲದ ಭಾಷೆಯನ್ನು ಹೊಲದಲ್ಲೇ ಬಿಟ್ಟು ಬರಬೇಕು" ಅಂದಿದ್ದರು. ಸಭೆ ನಕ್ಕಿತ್ತು. ಅವತ್ತಿನಿಂದ ನಾನು ಬರೆದೆ, ಪಾಸಾದೆ, ಮಾತಾಡಲಿಲ್ಲ.

ಆಷಾಢದ ಜಡಿಮಳೆಯಲ್ಲಿ ನಿನ್ಸೀಮಾ ಬಂದಳು. ಉಗಾಂಡಾ ದೇಶದ ಪಡುವಣ ಭಾಗದಲ್ಲಿ ಎಂಬರಾರಾ ಅನ್ನುವ ಪಟ್ಟಣ ಇದೆಯಂತೆ, ಅದರ ಹತ್ತಿರ ಅವಳ ಹಳ್ಳಿ. ವಿದ್ಯಾರ್ಥಿವೇತನದ ಮೇಲೆ ಧಾರವಾಡಕ್ಕೆ ಓದಲು ಬಂದಿದ್ದಳು. ಅಲ್ಲಿ ಯಾರೋ ದೀಪಾವಳಿಯ ಹೋರಿಗಳ ವಿಡಿಯೊ ತೋರಿಸಿ, ಹಾನಗಲ್ಲ, ಶಿಗ್ಗಾಂವಿ ಕಡೆ ಹೋರಿಗಳಿಗೆ ಹೆಸರಿಟ್ಟು ಪದ ಕಟ್ಟಿ ಹಾಡುತ್ತಾರೆ ಅಂದರಂತೆ. ಅವಳ ಜನವೂ ದನದ ಜನ. ಮಾರುದ್ದದ ಕೊಂಬಿನ ಕೆಂಪು ಆಕಳು ಅವರವು. ಆಕಳ ಮುಂದೆ ನಿಂತು, ಚಿಟಿಕೆ ಹೊಡೆಯುತ್ತ, ಉಸಿರು ಬಿಡದೆ ಅದರ ಹೊಗಳಿಕೆ ಹೇಳುವುದು ಅವರ ದೊಡ್ಡ ವಿದ್ಯೆ. ಅವರ ಪದ, ನಮ್ಮ ಪದ ಎರಡನ್ನೂ ಹೊಂದಿಸಿ ನೋಡಬೇಕೆಂದು ಕೆಲವು ತಿಂಗಳಿಗೆ ನಮ್ಮ ವಿಭಾಗಕ್ಕೆ ಬಂದಳು. ನನ್ನ ಕೋಣೆಯಲ್ಲಿ ಒಂದು ಮಂಚ ಖಾಲಿ ಇತ್ತು. ಹಾಗಾಗಿ ನನ್ನ ಪಾಲಿಗೆ ಬಂದಳು.

ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಮೊದಲ ದಿನ ಇಬ್ಬರೂ ನಕ್ಕದ್ದೇ ಮಾತು. ಮರುದಿನ ಬೆಳಿಗ್ಗೆ ಎದ್ದು ಕೂತವಳು ನನ್ನ ಕಡೆ ತಿರುಗಿ "ಒರಾಯಿರೆ ಓತಾ?" ಅಂದಳು. ನಾನು ಗಾಬರಿಯಾಗಿ "ಹ್ಞೂಂ" ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. "ರಾತ್ರಿ ಹೇಗೆ ಕಳೆದೆ?" ಅಂತ ಕೇಳಿದ್ದಳಂತೆ, ನಾನು ಹ್ಞೂಂ ಅಂದಿದ್ದೆ. ಅವರಲ್ಲಿ ಬೆಳಿಗ್ಗೆ ಎದುರಾದವರಿಗೆ ನಮಸ್ಕಾರ ಅಂದು ಮುಗಿಸುವುದಿಲ್ಲ, ರಾತ್ರಿಯನ್ನು ವಿಚಾರಿಸುತ್ತಾರೆ. ಸಂಜೆಗೆ ಹಗಲನ್ನು ವಿಚಾರಿಸುತ್ತಾರೆ. ನಡುವೆ ಎಲ್ಲಿ ಸಿಕ್ಕರೂ "ಅಗಾಂಡಿ?" ಅನ್ನುತ್ತಾರೆ. ಅದರ ಅರ್ಥ ಕೇಳಿದೆ. ಅವಳು ತಡವರಿಸಿ ತಡವರಿಸಿ ಬಿಡಿಸಿ ಹೇಳಿದಾಗ ನಾನು ಮಂಚದಿಂದ ಎದ್ದು ನಿಂತೆ. ಅಗಾಂಡಿ ಅಂದರೆ "ಬೇರೆ ಏನು ಸುದ್ದಿ?" ಅಂತ. ನಮ್ಮ ಅಪ್ಪ ದಿನಕ್ಕೆ ಎಷ್ಟು ಸಲ ಅನ್ನುತ್ತಾನೋ ಲೆಕ್ಕವಿಲ್ಲ, "ಮತ್ತೇನ್ರಿ ಸುದ್ದಿ?" ಅದೇ ಮಾತು! ಸಾವಿರಾರು ಮೈಲಿ ಆಚೆ, ಸಮುದ್ರ ದಾಟಿ, ಯಾರೋ ಅದನ್ನೇ ಅನ್ನುತ್ತಿದ್ದಾರೆ. ಅವಳಿಗೆ ನಮ್ಮದನ್ನು ಕಲಿಸಿದೆ. ಅಂದಿನಿಂದ ಊಟದ ಸಾಲಿನಲ್ಲಿ ನಿಂತವರಿಗೆಲ್ಲ ಅವಳು "ಮತ್ತೇನ್ರಿ ಸುದ್ದಿ?" ಅನ್ನತೊಡಗಿದಳು. ನಾನು "ಅಗಾಂಡಿ" ಅನ್ನತೊಡಗಿದೆ.

ನಮಗೆ ಭಾಷಾವಿಜ್ಞಾನ ಕಲಿಸುತ್ತಿದ್ದವರು ಸುಧಾ ಮೇಡಂ. ಸವಣೂರಿನ ವೈಷ್ಣವ ಮನೆತನ, ತಂದೆ ಅಜ್ಜ ಎಲ್ಲ ಸಂಸ್ಕೃತ ಪಂಡಿತರು. ತಪ್ಪು ಕಾಗುಣಿತ ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಆ ವರ್ಷ ಅವರು ಎಲ್ಲರಿಗೂ ಒಂದು ಕೆಲಸ ಹಚ್ಚಿದರು. ಕನ್ನಡವಲ್ಲದ ಒಂದು ಭಾಷೆಯನ್ನು ಕನ್ನಡದಲ್ಲಿ ಪರಿಚಯಿಸಬೇಕು, ಬರೆದೂ ಕೊಡಬೇಕು, ದೀಪಾವಳಿ ರಜೆ ಮುಗಿದ ಮೇಲೆ ಸಭೆಯ ಮುಂದೆ ಮಾತಾಡಲೂ ಬೇಕು. ಅಂಕಪಟ್ಟಿಗೆ ಸೇರುವ ಮಾತು ಅದು, ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಗೆಳತಿಯರು ಲಂಬಾಣಿ, ಕೊಂಕಣಿ, ಉರ್ದು, ತುಳು ಆರಿಸಿಕೊಂಡರು. ನನ್ನ ಸರದಿ ಬಂದಾಗ "ನ್ಕೋರೆ" ಅಂದೆ.

"ಏನಂದಿ?"

"ನ್ಕೋರೆ ಮೇಡಂ. ನಿನ್ಸೀಮಾಳ ಭಾಷೆ."

ಮೇಡಂ ಕನ್ನಡಕ ತೆಗೆದರು. "ನಿನಗ ಬರ್ತದೇನು ಆ ಭಾಷಾ? ಪುಸ್ತಕ ಅದಾವೇನು? ಬರೋ ಭಾಷಾದಾಗ ಮಾತಾಡ್ಲಿಕ್ಕೇ ಹೆದರ್ತಿ, ಬರಲಾರದ್ದು ತೊಗೊಂಡು ಏನ್ ಮಾಡ್ತೀ?"

"ಕಲೀತೇನ್ರಿ."

ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, "ಆಗ್ಲಿ. ಆದ್ರ ಒಂದು ಮಾತು. ಕಿವಿಯಾರೆ ಕೇಳಿದ್ದಷ್ಟ ಬರಿ. ಊಹಾ ಮಾಡಿ ಬರದ್ಯೋ, ಹಾಳಿ ಹರದು ಕೈಯಾಗ ಕೊಡ್ತೀನಿ" ಅಂದರು. ಹಲಗೆಯ ಮೇಲೆ ಆ ಹೆಸರು ಬರೆಯಲು ಹೋಗಿ ಸೀಮೆಸುಣ್ಣ ಹಿಡಿದು ನಿಂತರು. ನಿನ್ಸೀಮಾಳನ್ನು ಕರೆಸಿ ನಾಲ್ಕು ಸಲ ಹೇಳಿಸಿದರು. ಆಮೇಲೆ ದೊಡ್ಡದಾಗಿ ಬರೆದರು: ಙ್ಕೋರೆ. "ನೋಡ್ರಿ, ಒಂದನೇ ಇಯತ್ತೆಯೊಳಗ ಕ ಖ ಗ ಘ ಙ ಅಂತ ಕಲ್ತು ಆಮ್ಯಾಲೆ ಯಾರರೆ ಈ ಅಕ್ಷರ ಬರದೀರೇನು? ಇವತ್ತ ಇದಕ್ಕ ಕೆಲಸ ಸಿಕ್ಕದ" ಅಂದರು. ತರಗತಿ ನಕ್ಕಿತು. ಯಾರನ್ನೂ ನೋಯಿಸದ ನಗು ಅದು.

ಕಲಿಕೆ ಶುರುವಾಯಿತು. ನಮ್ಮ ಕನ್ನಡದಲ್ಲಿ ಶಬ್ದದ ಬಾಲ ಬದಲಾಗುತ್ತದೆ: ಹುಡುಗ, ಹುಡುಗರು, ಮರ, ಮರಗಳು. ಅವರಲ್ಲಿ ತಲೆ ಬದಲಾಗುತ್ತದೆ. ಒಮುಂಟು ಅಂದರೆ ಮನುಷ್ಯ, ಅಬಾಂಟು ಅಂದರೆ ಮಂದಿ. ಒಮ್ವಾನಾ ಒಂದು ಮಗು, ಅಬಾನಾ ಮಕ್ಕಳು. ಒಮುಟಿ ಒಂದು ಗಿಡ, ಎಮಿಟಿ ಗಿಡಗಳು. ಹೀಗೆ ಜಗತ್ತಿನ ವಸ್ತುಗಳೆಲ್ಲ ಬೇರೆ ಬೇರೆ ಮನೆತನಕ್ಕೆ ಸೇರಿವೆ. ಮನುಷ್ಯರದೊಂದು ಮನೆತನ, ಗಿಡಗಳದೊಂದು, ಸಾಮಾನುಗಳದೊಂದು. ಸೊಗಸು ಇರುವುದು ಮುಂದೆ. ಮನೆಯ ಯಜಮಾನ ಯಾವ ಟೋಪಿ ಹಾಕಿದನೋ ವಾಕ್ಯದ ಉಳಿದ ಶಬ್ದಗಳೂ ಅದನ್ನೇ ಹಾಕಿಕೊಳ್ಳಬೇಕು. "ಇಬ್ಬರು ಒಳ್ಳೆಯ ಮಕ್ಕಳು ಬಂದರು" ಅನ್ನಬೇಕೆಂದರೆ "ಅಬಾನಾ ಬಾಬಿರಿ ಬಾರುಂಗಿ ಬೈಜಾ." ಮಕ್ಕಳಿಗೂ ಬಾ, ಇಬ್ಬರಿಗೂ ಬಾ, ಒಳ್ಳೆಯತನಕ್ಕೂ ಬಾ, ಬಂದದ್ದಕ್ಕೂ ಅದೇ ಬಾ, ಬೈ ಆಗಿ. ಮದುವೆಗೆ ಒಂದೇ ಥಾನಿನಲ್ಲಿ ಇಡೀ ಮನೆಮಂದಿ ಬಟ್ಟೆ ಹೊಲಿಸಿಕೊಂಡು ಸಾಲಾಗಿ ನಡೆದುಬಂದಂತೆ! ನನಗೆ ಆ ವಾಕ್ಯ ಎಷ್ಟು ಹಿಡಿಸಿತೆಂದರೆ, ಬಟ್ಟೆ ಒಗೆಯುವಾಗಲೂ ಅದನ್ನೇ ಗುನುಗುತ್ತಿದ್ದೆ.

ಶ್ರಾವಣದ ಒಂದು ಭಾನುವಾರ ಮೇಡಂ ನಮ್ಮಿಬ್ಬರನ್ನೂ ಸವಣೂರಿನ ತಮ್ಮ ಮನೆಗೆ ಊಟಕ್ಕೆ ಕರೆದರು. ಊಟವಾದ ಮೇಲೆ ಎಲೆ ಹಾಕಿಕೊಂಡು, ಪೇಟೆಯಲ್ಲಿ ಕುರುಕಲು ಖಾರಾ ಕೊಳ್ಳಲು ಹೋದೆವು. ಅಂಗಡಿಯ ಮುದುಕ ಸಾಹೇಬರು ಗಲ್ಲಾದ ಪಕ್ಕ ಒಂದು ಉರ್ದು ಪುಸ್ತಕ ಓದುತ್ತ ಕೂತಿದ್ದರು. ನಿನ್ಸೀಮಾ ಅದನ್ನು ತೋರಿಸಿ ನನ್ನ ಕಲಿಕೆಗೆಂದು "ಎಕಿಟಾಬೊ" ಅಂದಳು.

ಸಾಹೇಬರು ತಲೆಯೆತ್ತಿದರು. "ಕಿತಾಬ್ ಅಂದ್ಯೇನ್ ಬೇಟಿ?"

"ಹೌದ್ರಿ, ಎಕಿಟಾಬೊ. ಭಾಳ ಇದ್ರ ಎಬಿಟಾಬೊ" ಅಂದಳು ನಿನ್ಸೀಮಾ.

ಸಾಹೇಬರು ಒಂದು ಗಳಿಗೆ ಯೋಚಿಸಿ, ಖಾರಾ ಕಟ್ಟುವುದನ್ನೂ ಮರೆತು ನಗತೊಡಗಿದರು. "ಭಲೇ! ನಮ್ಮ ಕಿತಾಬಿನ ಕಿ ತಗದು ಬಿ ಕುಂಡರ್ಸೀರಿ. ಒಂದು ಕಿತಾಬು, ಎರಡು ಬಿತಾಬು!" ಅಂದರು. ಅರಬರ ಮಾತು ಆಫ್ರಿಕಾಕ್ಕೂ ಹೋಗಿದೆ, ಸವಣೂರಿಗೂ ಬಂದಿದೆ. ಅಲ್ಲಿಯವರು ಅದರ ಮೊದಲ ಅಕ್ಷರವನ್ನು ತಮ್ಮ ಟೋಪಿಯೆಂದೇ ತಿಳಿದು, ಹಲವು ಆದಾಗ ಟೋಪಿ ಬದಲಿಸಿಬಿಟ್ಟಿದ್ದಾರೆ. ಮೇಡಂ ನಡುಬೀದಿಯಲ್ಲಿ ನಿಂತು ಮಗುವಿನಂತೆ ಚಪ್ಪಾಳೆ ತಟ್ಟಿದರು. ಸಾಹೇಬರು ಒಂದು ಹಿಡಿ ಖಾರಾ ಹೆಚ್ಚಿಗೆ ಹಾಕಿದರು.

ನಿನ್ಸೀಮಾ ಮಾತು ಮಾತಿಗೂ ತನ್ನ ಕಾಕಾನ ವಿಷಯ ತೆಗೆಯುತ್ತಿದ್ದಳು. ಆಕಳ ಹೊಗಳಿಕೆ ಕಲಿಸಿದ್ದು ಕಾಕಾ, ಎಶಾಬ್ವೆ ಕಲಿಸಿದ್ದು ಕಾಕಾ, ಬೈದದ್ದು ಕಾಕಾ, ಎದೆಗವುಚಿಕೊಂಡು ಮಲಗಿಸಿದ್ದು ಕಾಕಾ. ನಮ್ಮ ಕಡೆ ಕಾಕಾ ಅಂದರೆ ಅಪ್ಪನ ತಮ್ಮ. ಹುರಿಮೀಸೆಯ, ದೊಡ್ಡ ರುಮಾಲಿನ ಒಬ್ಬ ಕಾಕಾ ಅಡುಗೆಮನೆಯಲ್ಲಿ ಬೆಣ್ಣೆ ತಿರುವುವುದನ್ನು ನಾನು ಎಷ್ಟೋ ದಿನ ಕಲ್ಪಿಸಿಕೊಂಡಿದ್ದೆ. ಒಂದು ದಿನ ಫೋಟೊ ತೋರಿಸಿದಳು. ಬೋಳು ತಲೆಯ, ಒಂದೇ ಹಲ್ಲು ಉಳಿದ ಮುದುಕಿ! ಅವರಲ್ಲಿ ಕಾಕಾ ಅಂದರೆ ಅಜ್ಜಿ. ಮಾಮಾ ಅಂದರೆ ಅವ್ವ. ಫೋನಿನಲ್ಲಿ ಇದನ್ನು ನಮ್ಮವ್ವನಿಗೆ ಹೇಳಿದೆ. "ಅವರೂರಾಗ ಕಾಕಾ, ಮಾಮಾ ಎಲ್ಲಾರೂ ಸೀರಿ ಉಟ್ಟಾರ ಅಂದಂಗಾತು!" ಅಂತ ಅವ್ವ ನಕ್ಕದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಹೊಗಳಿಕೆ ಹೇಳುವುದು ಅಲ್ಲಿ ಗಂಡಸರ ವಿದ್ಯೆ. ಆದರೆ ಗಂಡ ತೀರಿದ ಮೇಲೆ, ಅವನ ಬಾಯಲ್ಲಿದ್ದದ್ದು ಮಣ್ಣಾಗಬಾರದೆಂದು ಕಾಕಾ ಅದನ್ನೆಲ್ಲ ನೆನಪಿಟ್ಟು ಮೊಮ್ಮಗಳಿಗೆ ಕೊಟ್ಟಿದ್ದಳು. ಶಾಲೆಯಲ್ಲಿ ಅದೇ ಭಾಷೆಗೆ ಏಟು ಬೀಳುತ್ತಿತ್ತು. ಮನೆಮಾತು ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಒಂದು ಕಟ್ಟಿಗೆಯ ತುಂಡು ಕಟ್ಟುತ್ತಿದ್ದರಂತೆ. ಅದನ್ನು ತಾನೇ ಕೊರಳಲ್ಲಿ ಹೊತ್ತು ಮನೆಗೆ ಹೋದ ದಿನ ಕಾಕಾ ಅದನ್ನು ಬಿಚ್ಚಿ ಒಲೆಗೆ ಹಾಕಿ, ಅದೇ ಬೆಂಕಿಯಲ್ಲಿ ಹಾಲು ಕಾಯಿಸಿ ಕುಡಿಸಿದಳೆಂದು ನಿನ್ಸೀಮಾ ಹೇಳಿದಳು. ನಾನು ನನ್ನ ಭಾಷಣ ಸ್ಪರ್ಧೆಯ ಕತೆ ಹೇಳಿದೆ. "ನಿನ್ನ ಕೊರಳಾಗಿನ ಕಟ್ಟಿಗಿ ಇನ್ನೂ ಐತಿ" ಅಂದಳು. ಅಷ್ಟು ಹೊತ್ತಿಗೆ ಅವಳ ಕನ್ನಡ ನಮ್ಮ ಓಣಿಯ ಕನ್ನಡವೇ ಆಗಿತ್ತು.

ಭಾದ್ರಪದದ ಒಂದು ಬೆಳಗು ಅವಳಿಗೆ ಊರಿಂದ ಫೋನು ಬಂತು. ಕೇಳಿ, ಇಟ್ಟು, ಕಿಟಕಿಯ ಕಡೆ ಮುಖ ಮಾಡಿ ಕೂತಳು. ತಿರುಗದೆಯೇ "ಕಾಕಾ ಅಫಿಯಿರೆ" ಅಂದಳು. ಆ ಶಬ್ದ ಅಲ್ಲಿಯವರೆಗೆ ನನಗೆ ಕಲಿಸಿರಲಿಲ್ಲ. ಕಲಿಸುವ ಅಗತ್ಯವಿರಲಿಲ್ಲ, ಅರ್ಥವಾಯಿತು.

ಹೋಗಿ ಬರುವುದು ಆಗದ ಮಾತು. ಅವಳು ಊಟ ಬಿಟ್ಟಳು, ಹಾನಗಲ್ಲಿನ ಹಳ್ಳಿಗಳಿಗೆ ಪದ ಕೇಳಲು ಹೋಗುವುದನ್ನು ಬಿಟ್ಟಳು. ಮೇಡಂ ಸವಣೂರಿಂದ ಬಂದು ನಮ್ಮ ಕೋಣೆಯಲ್ಲಿ ಅವಳ ಮಂಚದ ಮೇಲೇ ಕೂತು, ಬೆನ್ನು ಸವರುತ್ತ "ಅತ್ತುಬಿಡವಾ, ಇಲ್ಲಿ ಯಾರೂ ಏನೂ ಅನ್ನೂದಿಲ್ಲ" ಅಂದರು. ಆಗ ಅತ್ತಳು. ಅತ್ತು ಮುಗಿದ ಮೇಲೆ ತಾನಾಗಿಯೇ ಹೇಳಿದ್ದನ್ನು ನಾನು ಇವತ್ತಿಗೂ ತರಗತಿಯಲ್ಲಿ ಹೇಳುತ್ತೇನೆ. ಅವರ ಭಾಷೆಯಲ್ಲಿ ಆಗಿಹೋದದ್ದಕ್ಕೆ ಮೂರು ರೂಪಗಳಿವೆ. ಇವತ್ತು ನೋಡಿದೆ ಅನ್ನುವುದಕ್ಕೆ ಒಂದು, ನಾರೇಬಾ. ನಿನ್ನೆ ನೋಡಿದೆ ಅನ್ನುವುದಕ್ಕೆ ಬೇರೆ, ನ್ದೇಬಿರೆ. ಬಹಳ ಹಿಂದೆ ನೋಡಿದೆ ಅನ್ನುವುದಕ್ಕೆ ಮತ್ತೂ ಬೇರೆ, ನ್ಕರೇಬಾ. ನಡುವಿನ ಆ 'ಕ' ಬಂದರೆ ಸಂಗತಿ ದೂರ ಹೋಯಿತು ಅಂತಲೇ. "ಕಾಕಾ ಹಿಂಗ ಅಂದ್ಲು ಅಂತ ಹೇಳಾಕ ಇನ್ನ ಮ್ಯಾಲ ಆ 'ಕ' ಹಚ್ಚಬೇಕು. ನನ್ನ ಬಾಯಿಗೆ ಅದು ಬರವಲ್ದು. ಹಚ್ಚಿದ್ರ ಆಕಿನ್ನ ನಾನ ದೂರ ಕಳಿಸಿದಂಗ" ಅಂದಳು.

ಅವಳ ದುಃಖದ ಮೇಲೆ ನನ್ನ ಪರೀಕ್ಷೆ ಕಟ್ಟುವುದು ಸರಿಯಲ್ಲ ಅನ್ನಿಸಿತು. ಮೇಡಂ ಬಳಿ ಹೋಗಿ, ಉರ್ದು ಆರಿಸಿಕೊಳ್ಳುತ್ತೇನೆ, ಇದನ್ನು ಬಿಡುತ್ತೇನೆ ಅಂದೆ. ಅವರು "ಅಕಿನ್ನ ಕೇಳಿದ್ಯೇನು?" ಅಂದರು. ಕೇಳಿರಲಿಲ್ಲ. ಸಂಜೆ ಕೇಳಿದಾಗ ನಿನ್ಸೀಮಾ, ಅಷ್ಟು ದಿನ ಮಂಕಾಗಿ ಬಿದ್ದವಳು, ಎದ್ದು ನಿಂತು ನನ್ನ ಮೇಲೆ ಹರಿಹಾಯ್ದಳು.

"ನಮ್ಮ ಕಾಕಾನ್ನ ಮಣ್ಣಾಗ ಇಟ್ಟಾರ. ಆಕಿ ಭಾಷಾನೂ ಮಣ್ಣಾಗ ಇಡ್ತಿಯೇನು ನೀನು? ಬಿಡಾಂಗಿಲ್ಲ. ಕುಂದ್ರು. ಬರಿ."

ಕೂತೆ. ಬರೆದೆ. ಮಳೆ ಹಿಂದೆಗೆಯುವವರೆಗೂ ಬರೆದೆ, ಕಾಕಾ ಕೊಟ್ಟ ಆಕಳ ಹೊಗಳಿಕೆಗಳನ್ನೂ ಸಾಲು ಸಾಲಾಗಿ ಅರ್ಥ ಕೇಳಿ ಬರೆದೆ. ಮೇಡಂ ಹಾಳೆ ಹಾಳೆಗೂ ಕೆಂಪು ಗೆರೆ ಎಳೆದು ವಾಪಸು ಕೊಟ್ಟರು, "ಇದು ಕೇಳಿದ್ದೋ, ಊಹಾ ಮಾಡಿದ್ದೋ?" ಅಂತ. ಮತ್ತೆ ಕೇಳಿ ಬರೆದೆ.

ದೀಪಾವಳಿಗೆ ಅವಳನ್ನು ಊರಿಗೆ ಕರೆದುಕೊಂಡು ಹೋದೆ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಪೂಜೆ ಪುನಸ್ಕಾರ ಇಲ್ಲ. ಆದರೆ ಕೆಂದ ಇದ್ದ. ಹೋರಿ ಓಡಿಸುವ ದಿನ ಅಪ್ಪನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ನಿನ್ಸೀಮಾ ಮೊದಲ ಸಲ ಕೊಟ್ಟಿಗೆಗೆ ಹೋದವಳು ಅವನ ಕೆಂಪು ಮೈ ನೋಡಿ "ಬಿಹೋಗೊ!" ಅಂದಳು. ಅವರಲ್ಲಿ ಅತಿ ಮೆಚ್ಚಿನ ದನದ ಬಣ್ಣದ ಹೆಸರು ಅದು, ನಮ್ಮ ಕೆಂದ ಅಂದ ಹಾಗೆ. ಅಡುಗೆಮನೆಯಲ್ಲಿ ಅವ್ವ ಬೆಣ್ಣೆ ಕಾಯಿಸಲು ಹೋದಾಗ ತಡೆದು ಎಶಾಬ್ವೆ ಮಾಡಿದ್ದು ಆವತ್ತೇ. ಅವ್ವ ಅನುಮಾನದಿಂದಲೇ ರೊಟ್ಟಿ ಮುರಿದು ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಚಿ, "ಯವ್ವಾ, ಇಷ್ಟು ವರ್ಷ ತುಪ್ಪಾ ಮಾಡಿ ಬೆಣ್ಣಿ ಕೆಡಿಸಿದ್ನೇನು ನಾನು?" ಅಂದಳು. ಆಮೇಲೆ ನಿನ್ಸೀಮಾಳ ಹೆಸರಿನ ಅರ್ಥ ಕೇಳಿದಳು. ನಿನ್ಸೀಮಾ ಅಂದರೆ "ಉಪಕಾರ ನೆನಿತೇನಿ" ಅಂತ, ಒಂದು ಪೂರಾ ವಾಕ್ಯ. "ಕರದಾಗೊಮ್ಮೆ ಉಪಕಾರ ನೆನದಂಗ. ಚಲೋ ಹೆಸರು ಇಟ್ಟಾರ" ಅಂದಳು ಅವ್ವ.

ಮಧ್ಯಾಹ್ನ ಕೆಂದನಿಗೆ ಜೂಲು ಹೊದಿಸಿ, ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಕೊಂಬಿಗೆ ಬಲೂನು ಬಿಗಿದು ಅಂಗಳಕ್ಕೆ ತಂದರು. ಓಣಿಯ ಮಂದಿ ಸೇರಿದರು. ಗಂಡಸರು ಸಿಳ್ಳೆ ಹಾಕಿ ಪದ ಹೇಳಿದರು. ನಿನ್ಸೀಮಾ ನನ್ನ ಪಕ್ಕ ಗೋಡೆಗೊರಗಿ ನಿಂತಿದ್ದಳು. ಇದ್ದಕ್ಕಿದ್ದಂತೆ ಮುಂದೆ ನಡೆದು ಕೆಂದನ ಎದುರು ನಿಂತಳು. ಒಬ್ಬ ಹಿರಿಯರು "ಏ ತಂಗಿ, ಹೆಣ್ಮಕ್ಕಳು ಹೋರಿ ಮುಂದ ನಿಂದ್ರಬಾರ್ದು" ಅಂದರು. ಅಪ್ಪ ಹಗ್ಗ ಬಿಗಿಯಾಗಿ ಹಿಡಿದು, "ನಿಂದರ್ಲಿ ಬಿಡ್ರಿ. ಹೋರಿ ನಂದು, ಹುಡುಗೀನೂ ನಮ್ಮ ಮನೀದು" ಅಂದ.

ಅವಳು ಚಿಟಿಕೆ ಹೊಡೆದಳು. ಹೊಳೆ ಕಟ್ಟೆ ಒಡೆದಂತೆ ಮಾತು ಹರಿಯಿತು. ಒಂದು ಸಾಲಿಗೆ ಒಂದೇ ಉಸಿರು, ಸಾಲು ಮುಗಿದಾಗ ಚಿಟಿಕೆ, ಮತ್ತೆ ಸಾಲು. ಕೆಂದ ಕಿವಿ ನಿಮಿರಿಸಿ ನಿಂತ. ಸಿಳ್ಳೆ ನಿಂತವು. ಅವಳ ಕಣ್ಣಲ್ಲಿ ನೀರಿಳಿಯುತ್ತಿತ್ತು, ದನಿ ಮಾತ್ರ ಎಲ್ಲೂ ಅಲುಗಲಿಲ್ಲ. ಮುಗಿಯಿತು.

ಅಪ್ಪ ನನ್ನ ಕಡೆ ತಿರುಗಿದ. "ಏನಂದ್ಲಬೇ ಸುಜಾತಾ?"

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಬಾಯಿ ಕಟ್ಟುತ್ತಿತ್ತು. "ಈಕಿ ಗುಡ್ಡಾ ಏರಿದ್ರ ಗುಡ್ಡಕ್ಕ ಕುಂಕುಮ ಹಚ್ಚಿದಂಗಾತು ಅಂದ್ಲಪ್ಪಾ. ನೀರಿಗೆ ಬಗ್ಗಿದ್ರ ಕೊಂಬು ಕಂಡು ಹೊಳೀನ ಸುಮ್ಮನಾತಂತ. ಈಕಿ ಹೆಜ್ಜಿ ಸಪ್ಪಳಕ್ಕ ಸಿಂಹಾನೂ ದಾರಿ ಬಿಟ್ಟು ಕುಂತಿತಂತ. ಕರು ಕಳಕೊಂಡವ್ರು ಈಕಿ ಕೂಗು ಕೇಳಿ ಮನಿಗೆ ಬಂದ್ರಂತ. ಈಕಿನ್ನ ಕೊಟ್ಟು ರಾಜ್ಯಾ ಕೇಳಬ್ಯಾಡ್ರಿ, ಈಕೀನ ರಾಜ್ಯಾ ಅಂದ್ಲು."

"ಇನ್ನೊಮ್ಮೆ ಹೇಳು. ಹಿಂದಿನವ್ರಿಗೆ ಕೇಳ್ಲಿಲ್ಲ" ಅಂದರು ಅದೇ ಹಿರಿಯರು. ನಾನು ಕಟ್ಟೆ ಹತ್ತಿ ನಿಂತು, ಎತ್ತರದ ದನಿಯಲ್ಲಿ, ಇಡೀ ಓಣಿಗೆ ಕೇಳುವಂತೆ ಇನ್ನೊಮ್ಮೆ ಹೇಳಿದೆ. ಅವ್ವನಿಗೆ ಒಂದೇ ಸಂಶಯ: "ಈಕಿ ಅನ್ನಾಕತ್ತೀಯಲ್ಲ, ಹೋರಿ ಅಂವ ಅಲ್ಲೇನು?" ನಿನ್ಸೀಮಾ ಕಣ್ಣೊರೆಸಿಕೊಂಡು ಹೇಳಿದಳು, "ನಮ್ಮಲ್ಲಿ ಹೊಗಳಿಕಿ ಎಲ್ಲಾ ಹಾಲು ಕೊಡೋ ಆಕಳಿಗೆ, ಅವ್ವಾ. ಹೋರಿಗೆ ಅಷ್ಟಿಲ್ಲ." ಅವ್ವ ಸೊಂಟದ ಮೇಲೆ ಕೈಯಿಟ್ಟು ಗಂಡಸರ ಕಡೆ ನೋಡಿ, "ಕೇಳ್ರೆಪಾ!" ಅಂದಳು. ಓಣಿಯ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಕೊರಳ ಕೊಬ್ಬರಿ ಕೀಳಲು ಮುಗಿಬಿದ್ದವರಲ್ಲಿ ಯಾರ ಕೈಗೂ ಸಿಗದಂತೆ ಕೆಂದ ಅವತ್ತು ಓಡಿದ.

ರಜೆ ಮುಗಿದು ವಿಚಾರಸಂಕಿರಣದ ದಿನ ಬಂತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ. ನಾನು ಬರೆದುಕೊಂಡದ್ದನ್ನು ಪುಸ್ತಕದ ಕನ್ನಡದಲ್ಲಿ ಓದತೊಡಗಿದೆ. "ನ್ಕೋರೆಯು ಬಾಂಟು ಭಾಷಾವರ್ಗಕ್ಕೆ ಸೇರಿದ್ದು..." ಓದುತ್ತ ಓದುತ್ತ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಭೂತಕಾಲದ ಪ್ರಭೇದಗಳಿಗೆ ಬಂದಾಗ ಓದು ನಿಂತೇಬಿಟ್ಟಿತು. ಸಭೆಯಲ್ಲಿ ಕುರ್ಚಿ ಸರಿದಾಡಿದವು. ಮುಂದಿನ ಸಾಲಿನಲ್ಲಿ ನಿನ್ಸೀಮಾ ಸದ್ದಾಗದಂತೆ ಬೆರಳಲ್ಲಿ ಚಿಟಿಕೆ ಹೊಡೆದಳು.

ಹಾಳೆ ಮಡಚಿ ಮೇಜಿನ ಮೇಲಿಟ್ಟೆ. "ನೋಡ್ರಿ, ಅದು ಹಿಂಗೈತಿ" ಅಂದೆ.

ಆಮೇಲೆ ಎಷ್ಟು ಹೊತ್ತು ಮಾತಾಡಿದೆನೋ ಗೊತ್ತಿಲ್ಲ. ಟೋಪಿಗಳ ಮನೆತನ ಹೇಳಿದೆ, ಸವಣೂರಿನ ಬಿತಾಬು ಹೇಳಿದೆ, ಸೀರೆಯುಟ್ಟ ಕಾಕಾನ ವಿಷಯ ಹೇಳಿದೆ. ಜನ ನಕ್ಕರು, ಸುಮ್ಮನಾದರು, ಬರೆದುಕೊಂಡರು. ಕೊನೆಗೆ ಒಬ್ಬ ಸಹಪಾಠಿ ಎದ್ದು, "ಎಲ್ಲಾ ಸರಿ, ಇದು ನಮಗ್ಯಾಕ ಬೇಕು?" ಅಂದ.

"ಬ್ಯಾಡಾಗಿದ್ರ ಇಷ್ಟೊತ್ತು ಯಾಕ ಬರಕೊಂಡೆಪಾ?" ಅಂದೆ. ಸಭೆಯ ನಗುವಿಗೆ ಅವನೂ ನಕ್ಕು ಕೂತ.

ಹೊರಗಿನಿಂದ ಬಂದಿದ್ದ ಅತಿಥಿಯೊಬ್ಬರು, ಬಹಳ ಹಿಂದಿನದನ್ನು ಹೇಳುವ ಆ 'ಕ'ಕಾರಕ್ಕೆ ಒಂದು ಉದಾಹರಣೆ ಕೊಡಿ ಅಂದರು. ಉದಾಹರಣೆಗಳು ನನ್ನಲ್ಲಿ ಇದ್ದವು, ಆದರೆ ಅವಳ ಎದುರು ಆ ಅಕ್ಷರ ಆಡಲು ಮನಸ್ಸು ಬರಲಿಲ್ಲ. ಆಗ ನಿನ್ಸೀಮಾ ತಾನೇ ಎದ್ದಳು. ಸಭೆಯ ಕಡೆ ತಿರುಗಿ ಬಿಡಿಬಿಡಿಯಾಗಿ, "ಕಾಕಾ ಅಕಂಗಂಬಿರಾ" ಅಂದಳು. ಆಮೇಲೆ ಕನ್ನಡದಲ್ಲಿ, "ಹಿಂದಕ್ಕ ನಮ್ಮ ಕಾಕಾ ನನಗ ಹೇಳಿದ್ಲು" ಅಂದಳು. ಕೂತಳು. ಅದರ ಹಿಂದೆ ಏನಿದೆಯೆಂದು ಆ ಸಭೆಯಲ್ಲಿ ಗೊತ್ತಿದ್ದವರು ಮೂವರೇ. ಸುಧಾ ಮೇಡಂ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಹೊರಗೆ ಬಂದಾಗ ಮೇಡಂ ನನ್ನನ್ನು ತಡೆದು, "ಬರದದ್ದೊಂದು, ಹೇಳಿದ್ದೊಂದು ಆತಲ್ಲ" ಅಂದರು. ಬೈಗಳಿಗೆ ತಯಾರಾದೆ. "ಬರದದ್ದು ನನಗ ಬ್ಯಾಡ. ಹೇಳಿದ್ದನ್ನ ಹಂಗ ಬರದು ಕೊಡು. ಒಂದಕ್ಷರ ತಿದ್ದೂದಿಲ್ಲ ನಾ."

ಹಾಗೇ ಬರೆದುಕೊಟ್ಟೆ. ವಿಭಾಗದ ಸಂಚಿಕೆಯಲ್ಲಿ ಅದು ನಮ್ಮ ಮನೆಯ ಕನ್ನಡದಲ್ಲೇ ಅಚ್ಚಾಯಿತು, ಹೆಸರಿನ ಮೇಲೆ ದೊಡ್ಡದೊಂದು ಙ ಹೊತ್ತುಕೊಂಡು. ನಿನ್ಸೀಮಾ ಅದರ ಪ್ರತಿ ಒಯ್ದು ಕಾಕಾನ ಮಣ್ಣಿನ ಬಳಿ ಗಟ್ಟಿಯಾಗಿ ಓದಿದಳಂತೆ, ಕನ್ನಡದಲ್ಲೇ. ಈಗ ಅವಳು ತನ್ನ ಊರ ಕಡೆ ಮಕ್ಕಳಿಗೆ ಅವರ ಮಾತಿನಲ್ಲೇ ಕಲಿಸುತ್ತಾಳೆ. ಆ ಮಕ್ಕಳಿಗಾಗಿ ನಮ್ಮ ಭಾಷೆಯ ಪರಿಚಯವನ್ನೂ ಬರೆದಿದ್ದಾಳೆ. ಭಾಷೆಗಳಿಗೆ ಅವರು ಹಾಕುವ ಟೋಪಿ 'ಒರು'. ಹಾಗಾಗಿ ಅಲ್ಲಿ ನಮ್ಮದು ಒರುಕನ್ನಡಾ. ನಾನು ಹಿರೇಕೆರೂರಿನಲ್ಲಿ ಪಾಠ ಹೇಳುತ್ತೇನೆ, ಗಟ್ಟಿಯಾಗಿ, ಹೊಲದ ಮಾತು ತರಗತಿಗೆ ಬಂದರೆ ಕುರ್ಚಿ ಹಾಕಿ ಕೂಡಿಸುತ್ತೇನೆ. ಆ ವರ್ಷ ನಾನು ಒಂದು ಭಾಷೆ ಕಲಿತೆ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅವು ಎರಡು.

ವಿಚಾರಸಂಕಿರಣದ ಸಂಜೆ ಅಪ್ಪನ ಜೊತೆ ಊರಿಗೆ ಹೊರಟೆ. ಶಿಗ್ಗಾಂವಿಯಲ್ಲಿ ಬಸ್ಸು ಕಿಕ್ಕಿರಿದಿತ್ತು. ನಾನು ನಿಂತೇ ಇದ್ದುದನ್ನು ಕಂಡು ಒಬ್ಬರು ಸರಿದು ಜಾಗ ಮಾಡಿಕೊಟ್ಟರು. ಅಪ್ಪ ಅವರಿಗೆ ಕೈಮುಗಿದು "ವೆಬಾರೆ" ಅಂದ. ಅದನ್ನು ಅವನು ಯಾವಾಗ ಕಲಿತನೋ ನನಗೇ ತಿಳಿಯದು.

"ಏನಂದ್ರಿ?"

"ಉಪಕಾರ ಆತು ಅಂದೇನ್ರಿ. ನ್ಕೋರೆ ಭಾಷಾದಾಗ."

"ಕೇಳೇ ಇಲ್ಲಲ್ರಿ! ಎಲ್ಲಿ ಮಾತಾಡ್ತಾರ ಅದನ್ನ?"

ಅಪ್ಪ ಬಸ್ಸಿನ ಸರಳು ಹಿಡಿದು, ಎದೆ ಸ್ವಲ್ಪ ಮುಂದೆ ಮಾಡಿ, ನನ್ನ ಕಡೆ ಒಮ್ಮೆ ನೋಡಿ ಹೇಳಿದ:

"ನಮ್ಮ ಮನ್ಯಾಗ್ರಿ."